ಊರಿಗೊಂದು ಬುಟ್ಟಿ

ಮೈಸೂರು ಕಡೆಯವರಿಗೆ ಅದು ಗುಜರಿ, ಹುಬ್ಬಳ್ಳಿಯವರಿಗೆ ಮೋಡ್ಕಾ, ಸುಲ್ತಾನ್ ಬಜಾರಿನ ಸುತ್ತ ನೆಲೆಸಿದ ಮೇಲೆ ನಮಗೆಲ್ಲರಿಗೂ ಕಬಾಡ. ಹೆಸರು ಮೂರಾದರೂ ವ್ಯಾಪಾರ ಒಂದೇ: ಒಬ್ಬರಿಗೆ ಬೇಡವಾದುದು ತಕ್ಕಡಿಯೇರಿ ಇನ್ನೊಬ್ಬರಿಗೆ ಬೇಕಾಗುವುದು. ಕೋಠಿಯ ಹಳೆಯ ಪುಸ್ತಕದ ಅಂಗಡಿಗಳು ಬದುಕಿರುವುದೇ ಇದರಿಂದ. ಪಂಡಿತರು ಈಗ ಇದನ್ನು ‘ವರ್ತುಲ ಆರ್ಥಿಕತೆ’ ಎನ್ನುತ್ತಾರೆ. ಹಳೆಯ ಸೀರೆಗಳಿಂದ ಕೌದಿ ಹೊಲಿದ ನಮ್ಮ ಅಜ್ಜಿಯಂದಿರಿಗೆ ಹೆಸರು ತಿಳಿದಿರಲಿಲ್ಲ, ಅಷ್ಟೆ.

ವ್ಯಾಪಾರಕ್ಕೆ ಗಡಿಯಿಲ್ಲ, ಆಡಳಿತಕ್ಕೆ ಉಂಟು. ಮನೆಯ ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಹೊರಡಿಸಿತು. ಆದರೆ ಸುತ್ತೋಲೆ ಒಂದೇ ಆದರೂ ಪಾಲನೆ ಕಚೇರಿಗೊಂದು ಬಗೆ ಎಂಬುದನ್ನು ನಮ್ಮಂಥ ಗುಮಾಸ್ತರಿಗೆ ಹೇಳಿಕೊಡಬೇಕಾಗಿಲ್ಲ.

ಬೆಂಗಳೂರನ್ನೇ ನೋಡಿ. ನಗರದ ಕಸವನ್ನು ಹೊತ್ತ ಮಾವಳ್ಳಿಪುರದಲ್ಲಿ 2012ರಲ್ಲಿ ಸುರಿಯುವುದು ನಿಂತಿತು. ಮಂಡೂರಿನ ಜನ 2014ರಲ್ಲಿ ತಿರುಗಿಬಿದ್ದರು. ಸುರಿಯಲು ಜಾಗವಿಲ್ಲದಾಗ ವಿಂಗಡಿಸುವ ವಿವೇಕ ಮೂಡಿತು. 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವೇ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ವಿಧಿಸಿತು: ಹಸಿ ಕಸಕ್ಕೆ ಹಸಿರು, ಡೈಪರ್ ಮುಂತಾದವಕ್ಕೆ ಕೆಂಪು, ಒಣ ಕಸಕ್ಕೆ ಚೀಲ.

ಹೈದರಾಬಾದಿನಲ್ಲಿ ಅದೇ 2015ರಲ್ಲಿ ಮನೆಮನೆಗೆ ಬಂದದ್ದು ಎರಡೇ ಬುಟ್ಟಿ, ಹಸಿರು ಮತ್ತು ನೀಲಿ. ಇಲ್ಲಿ ಜವಾಹರನಗರದ ತಿಪ್ಪೆ ಇತ್ತು. 2020ರಲ್ಲಿ ಅಲ್ಲಿ ಕಸ ಸುಟ್ಟು ವಿದ್ಯುತ್ತು ತೆಗೆಯುವ 19.8 ಮೆಗಾವ್ಯಾಟಿನ ಸ್ಥಾವರವೂ ಬಂದಿತು. ಒಳ್ಳೆಯದೇ, ಆದರೆ ಸುಟ್ಟ ಕಾಗದ ಮತ್ತೆ ಕಾಗದವಾಗದು. ಕೇರಳದಲ್ಲಿ ಹರಿತ ಕರ್ಮಸೇನೆಯ ಹೆಂಗಸರು ಮನೆಬಾಗಿಲಿಗೆ ಬಂದು, ಶುಲ್ಕ ಪಡೆದು, ಒಣ ಕಸ ಒಯ್ಯುತ್ತಾರೆ. ನೀಲಗಿರಿಯಲ್ಲಿ 2022ರಿಂದ ಮದ್ಯದ ಸೀಸೆಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಸೀಸೆ ತಂದವರಿಗೆ ಮರಳಿಸುವ ಏರ್ಪಾಡಾಯಿತು. ಕಾಡಿನಲ್ಲಿ ಒಡೆದ ಗಾಜು ಆನೆಯ ಕಾಲಿಗೆ ಚುಚ್ಚಬಾರದೆಂಬುದು ಅದರ ಉದ್ದೇಶ.

ಹಾಗಿದ್ದರೆ ಊರು ಬಿಟ್ಟು ಬಂದ ನಾವು ಯಾವ ಊರಿನ ನಿಯಮವನ್ನು ಪಾಲಿಸಬೇಕು? ಬೆಂಗಳೂರಿನಲ್ಲಿ ಮೂರು ಭಾಗ ಮಾಡುತ್ತಿದ್ದ ಸಂಸಾರವು ಇಲ್ಲಿಗೆ ವರ್ಗವಾಗಿ ಬಂದೊಡನೆ, ‘ಇಲ್ಲಿ ಕೇಳುವವರಿಲ್ಲ; ಗಾಡಿಯಲ್ಲಿ ಹೇಗೂ ಬೆರೆಯುತ್ತದೆ’ ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದುಂಟು. ಕೇಳುವವರಿಲ್ಲ ನಿಜ, ಆದರೆ ಅನುಭವಿಸುವವರು ಇದ್ದಾರೆ. ಆ ಚೀಲದೊಳಗಿನ ಗಾಜಿನ ಚೂರು, ಸೂಜಿ, ಡೈಪರುಗಳನ್ನು ಮುಟ್ಟುವುದು ಬರಿಗೈ. ಆ ಕೈಗೆ ತೆಲಂಗಾಣವೆಂದೂ ಕರ್ನಾಟಕವೆಂದೂ ಭೇದವಿಲ್ಲ. ಒಣಗಿದ ಹಾಲಿನ ಲಕೋಟೆ, ರಟ್ಟು, ಡಬ್ಬಿಗಳನ್ನು ಮಾರಿ ಅವರು ನಾಲ್ಕು ಕಾಸು ಕಾಣುತ್ತಾರೆ. ಅವುಗಳ ಮೇಲೆ ನಾವು ಸಾರು ಸುರಿದರೆ ಆ ಕಾಸೂ ಹೋಯಿತು.

ಆದುದರಿಂದ ಸೋದರಿಯರಲ್ಲಿ ಮಾತ್ರವಲ್ಲ, ಪತ್ರಿಕೆ ಓದಿ ಮೂಲೆಗೆಸೆಯುವ ಸೋದರರಲ್ಲಿಯೂ ನಮ್ಮ ವಿಜ್ಞಾಪನೆ ಇಷ್ಟೆ. ಹಾಲಿನ ಲಕೋಟೆಯನ್ನು ತೊಳೆದು ಒಣಗಿಸಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಗಾಜು’ ಎಂದು ಬರೆಯಿರಿ; ಕೊಡುವಾಗ ಬಾಯಲ್ಲಿಯೂ ಹೇಳಿ. ಡೈಪರನ್ನು ಕಾಗದದಲ್ಲಿ ಸುತ್ತಿ ಬೇರೆಯಾಗಿಯೇ ಕೊಡಿ. ರದ್ದಿಯನ್ನು ಕಬಾಡಿಯವನಿಗೆ ಮಾರಿದರೆ ಅದು ಗಾಡಿ ಹತ್ತುವ ಪ್ರಶ್ನೆಯೇ ಇಲ್ಲ.

ಸಂಘದ ಕಾರ್ಯಕಾರಿ ಸಮಿತಿಗೂ ಒಂದು ಮಾತು. ರಾಜ್ಯೋತ್ಸವದ ಊಟಕ್ಕೆ ಪ್ರತಿವರ್ಷ ಎಸೆಯುವ ತಟ್ಟೆಗಳನ್ನು ಕೊಳ್ಳುವ ಬದಲು, ಒಮ್ಮೆ 200 ಸ್ಟೀಲ್ ತಟ್ಟೆಗಳನ್ನು ಕೊಂಡುಬಿಡಬಾರದೆ? ಮದುವೆ, ನಾಮಕರಣಗಳಿಗೆ ಸದಸ್ಯರೂ ಒಯ್ಯಬಹುದು. ತೊಳೆಯುವವರು ಯಾರು ಎಂಬ ಪ್ರಶ್ನೆ ಏಳುವುದು ಖಂಡಿತ. ಉಂಡವರು ತಂತಮ್ಮ ತಟ್ಟೆ ತೊಳೆದಿಟ್ಟರೆ ಸಾಕು; ಮೊದಲ ಸಾಲಿನಲ್ಲಿ ನಾವು ನಿಲ್ಲುತ್ತೇವೆ.