ಅದನ್ನು ತ್ಯಾಗವೆನ್ನಬೇಡಿ

ಶರಾವತಿಯ ಹಿನ್ನೀರನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಜೋಗಕ್ಕೆ ಹೊರಟ ಧರ್ಮಕೇಂದ್ರದ ಪ್ರವಾಸದ ಬಸ್ಸು ಹೊಳೆಬಾಗಿಲಿನಲ್ಲಿ ನಿಲ್ಲದೆ ಹಿಂದಿರುಗುವುದು ಅಪರೂಪ. ಕಣ್ಣು ಹಾಯುವಷ್ಟು ದೂರ ನೀರು, ನಡುವೆ ಹಸಿರು ನಡುಗಡ್ಡೆಗಳು. ಸೃಷ್ಟಿಕರ್ತನನ್ನು ಕೊಂಡಾಡಿ, ತಂದ ಬುತ್ತಿಯನ್ನು ಬಿಚ್ಚಿ ಉಂಡು ಬರುತ್ತೇವೆ. ಆದರೆ ಆ ಸರೋವರ ಸೃಷ್ಟಿಕರ್ತನದಲ್ಲ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನದು. ನಡುಗಡ್ಡೆಗಳೆಂದು ನಾವು ಮೆಚ್ಚುವುದು ಮುಳುಗದೆ ಉಳಿದ ಗುಡ್ಡಗಳ ನೆತ್ತಿಗಳನ್ನು. ಸುಮಾರು 300 ಚದರ ಕಿಲೋಮೀಟರ್ ವಿಸ್ತಾರದ ಆ ನೀರಿನಡಿಯಲ್ಲಿ ಅಡಿಕೆ ತೋಟಗಳೂ ಗದ್ದೆಗಳೂ ಮನೆಗಳೂ ಇವೆ. ಅದಕ್ಕೂ ಮುಂಚೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಅದರಲ್ಲಿ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದು ತಲೆಯೆತ್ತುತ್ತದೆ.

ಈ ಮುಳುಗಡೆಯ ಬಗ್ಗೆ ಭಾಷಣಕಾರರು ತಪ್ಪದೆ ಬಳಸುವ ಪದ ‘ತ್ಯಾಗ’. ನಾನೂ ಬಳಸಿದ್ದೇನೆ. ಒಂದು ಆಗಸ್ಟ್ 15ರ ಪ್ರಬೋಧನೆಯಲ್ಲಿ, ನಾಡಿಗೆ ಬೆಳಕು ನೀಡಲು ನೆಲವನ್ನು ತ್ಯಾಗಮಾಡಿದವರನ್ನು ಸ್ಮರಿಸೋಣವೆಂದೆ. ಬಲಿಪೂಜೆ ಮುಗಿದ ಮೇಲೆ ಮುಳುಗಡೆಯ ಊರಿನ ಒಬ್ಬ ವೃದ್ಧೆ ನನ್ನ ಬಳಿ ಬಂದು, “ನಾವೇನು ತ್ಯಾಗ ಮಾಡ್ಲಿಲ್ಲ ಫಾದರ್. ನೀರು ಬಂತು, ಎದ್ದು ಬಂದ್ವಿ” ಎಂದರು. ಸೆಮಿನರಿಯಲ್ಲಿ ವರ್ಷಗಟ್ಟಲೆ ದೈವಶಾಸ್ತ್ರ ಓದಿದ ನನಗೆ ಉತ್ತರ ಹೊಳೆಯಲಿಲ್ಲ.

ತ್ಯಾಗವೆಂದರೆ ತಾನಾಗಿಯೇ ಕೊಡುವುದು. ತನ್ನ ಪ್ರಾಣವನ್ನು ಯಾರೂ ಕಸಿಯುತ್ತಿಲ್ಲ, ತಾನೇ ಅರ್ಪಿಸುತ್ತಿದ್ದೇನೆ ಎಂಬುದು ಪ್ರಭು ಯೇಸುವಿನ ಸ್ಪಷ್ಟ ಮಾತು. ‘ಇಲ್ಲ’ ಎನ್ನುವ ಅವಕಾಶವೇ ಇಲ್ಲದವನಿಂದ ತೆಗೆದುಕೊಂಡದ್ದಕ್ಕೆ ಆ ಪವಿತ್ರ ಪದವನ್ನು ಹಚ್ಚುವುದು ತೆಗೆದುಕೊಂಡವರ ಜಾಣತನ. ನಾಬೋತನ ಕಥೆ ನಿಮಗೆ ಗೊತ್ತು. ಅರಸ ಅಹಾಬನು ಅವನ ದ್ರಾಕ್ಷಿತೋಟವನ್ನು ಕಡೇಪಕ್ಷ ಕೇಳಿದ. ಬದಲಿಗೆ ಅದಕ್ಕಿಂತ ಒಳ್ಳೆಯ ತೋಟವನ್ನೋ ಹಣವನ್ನೋ ಕೊಡುವೆನೆಂದ. ಪಿತ್ರಾರ್ಜಿತವನ್ನು ಕೊಡೆನೆಂದ ನಾಬೋತ ಕಲ್ಲೇಟಿಗೆ ಬಲಿಯಾದ. ಅರಮನೆಯ ಕಾಯಿಪಲ್ಲೆ ತೋಟಕ್ಕಾಗಿ ನಾಬೋತ ತ್ಯಾಗಮಾಡಿದನೆಂದು ಪವಿತ್ರ ಗ್ರಂಥ ಎಲ್ಲಿಯೂ ಹೇಳುವುದಿಲ್ಲ.

ಅಣೆಕಟ್ಟು ಬೇಡವಾಗಿತ್ತೆಂದು ನಾನು ವಾದಿಸುತ್ತಿಲ್ಲ. ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಸಾಮರ್ಥ್ಯ ನಾಡಿನ ಕಾರ್ಖಾನೆಗಳನ್ನು ನಡೆಸಿತು, ನಮ್ಮ ದೇವಾಲಯಗಳ ದೀಪಗಳನ್ನೂ ಬೆಳಗಿತು. ನನ್ನ ತಕರಾರು ಸಾಲದ ಬಗ್ಗೆ. ‘ತ್ಯಾಗ’ ಎಂದ ಕೂಡಲೇ ಸಾಲ ದಾನವಾಗಿಬಿಡುತ್ತದೆ. ದಾನಿಗೆ ಒಂದು ಹಾರ ಹಾಕಿದರೆ ಮುಗಿಯಿತು.

ಸಾಲವಂತೂ ತೀರಿಲ್ಲ. ಒಕ್ಕಲೆದ್ದವರನ್ನು ಕಾಡಿನ ನಡುವೆ ತಂದು ಬಿಟ್ಟರು. ಆ ನೆಲ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಮುಂದೆ ರಾಜ್ಯ ಸರ್ಕಾರ ಹೊರಡಿಸಿದ ಅರಣ್ಯಮುಕ್ತಿ ಆದೇಶಗಳು ಕೇಂದ್ರದ ಒಪ್ಪಿಗೆ ಇಲ್ಲದ ಕಾರಣ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. ನಾಡಿಗೆ ವಿದ್ಯುತ್ ಹರಿದರೂ ಹಿನ್ನೀರಿನ ಅನೇಕ ಹಳ್ಳಿಗಳು ದಶಕಗಳ ಕಾಲ ಚಿಮಣಿ ದೀಪದಲ್ಲೇ ಇದ್ದವು. ತುಮರಿ ಕಡೆಯವರು ಆಸ್ಪತ್ರೆಗೆ ಹೋಗಲೂ ಲಾಂಚು ಕಾಯಬೇಕಿತ್ತು. ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈಯಲ್ಲಿ, ನೀರು ನಿಂತು ಅರವತ್ತು ವರ್ಷ ದಾಟಿದ ಮೇಲೆ. ಇಷ್ಟರ ನಡುವೆ 2019ರಲ್ಲಿ, ಇದೇ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಎದ್ದಿತು. ಜಿಲ್ಲೆಯ ಜನ ಬೀದಿಗಿಳಿದರು. ಒಮ್ಮೆ ತ್ಯಾಗಿಯೆಂದು ಹೆಸರಾದವನ ಮನೆಬಾಗಿಲಿಗೇ ಎರಡನೆಯ ಸಲವೂ ಬರುತ್ತಾರೆ, ನೋಡಿ.

ಆ ವೃದ್ಧೆಯ ಮನೆಗೆ ಆಮೇಲೊಂದು ದಿನ ಹೋಗಿದ್ದೆ. ಹಳೆಯ ಟ್ರಂಕಿನಿಂದ ಕಂದಾಯ ಕಟ್ಟಿದ ರಸೀದಿಗಳನ್ನು ತೆಗೆದು ತೋರಿಸಿದರು. ಎಲ್ಲವೂ ನೀರಿನಡಿಯ ಜಮೀನಿನವು. ಕೂತಿದ್ದ ಮನೆಗೆ, ಉಳುತ್ತಿದ್ದ ನೆಲಕ್ಕೆ ಒಂದು ಕಾಗದವೂ ಇರಲಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲಿ ವಕೀಲರಿದ್ದೀರಿ, ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರಿದ್ದೀರಿ. ವಾರಕ್ಕೊಂದು ಸಂಜೆ, ಜಾತಿ ಧರ್ಮ ಕೇಳದೆ, ಇಂಥವರ ಅರ್ಜಿಗಳನ್ನು ಬರೆದುಕೊಡಲು ಸಾಧ್ಯವೇ? ದೇವಾಲಯದ ಸಭಾಂಗಣದ ಬೀಗದ ಕೈ ನನ್ನ ಬಳಿ ಇದೆ.