ಗೋಡೆಗೆ ಅಂಟಿಸಿದ್ದು ಸಾಕು, ಬಾಯಿಬಿಟ್ಟು ಹೇಳಿ!

ಮೈಸೂರಿನ ಅಕ್ಕ-ಅಣ್ಣಂದಿರೇ,

ಮೊನ್ನೆ ಒಂದು ಕಚೇರಿಯ ಗೋಡೆಯ ಮೇಲೆ ಪಿಂಚಣಿಯ ನೋಟಿಸ್ ಅಂಟಿಸಿದ್ದರು. ಸಾಸಿವೆ ಕಾಳಿನಷ್ಟು ಅಕ್ಷರ. ‘ಫಲಾನುಭವಿಗಳು ಆಧಾರ್ ಜೋಡಣೆ ಮಾಡಿಸತಕ್ಕದ್ದು, ತಪ್ಪಿದಲ್ಲಿ...’ ಹೂ ಕಟ್ಟುವ ಅಜ್ಜಿಯೊಬ್ಬರು ಶಾಲೆಗೆ ಹೊರಟ ಹುಡುಗನನ್ನು ನಿಲ್ಲಿಸಿ ಓದಿಸಿದರು. ಪೂರ್ತಿ ಕೇಳಿಸಿಕೊಂಡು, “ಅದಿರಲಿ ಮಗಾ, ನನ್ನ ದುಡ್ಡು ಬರುತ್ತೋ, ನಿಲ್ಲುತ್ತೋ?” ಅಂದರು. ಹುಡುಗನಿಗೂ ತಿಳಿಯಲಿಲ್ಲ.

ಅರಮನೆ ನೋಡಲು ಬಂದವರಿಗೆ ಅದರ ಕಥೆಯನ್ನು ಹಲವು ಭಾಷೆಗಳಲ್ಲಿ ಕಿವಿಗೆ ಹೇಳುವ ವ್ಯವಸ್ಥೆಯಿದೆ. ಉದಯಗಿರಿಯಲ್ಲಿ ಊದುಬತ್ತಿ ಹೊಸೆಯುವ ಹೆಂಗಸಿಗೆ ಅವಳ ಪಿಂಚಣಿಯ ಕಥೆ ಯಾರು ಹೇಳಬೇಕು?

ಧ್ವನಿಯಲ್ಲಿ ಸುದ್ದಿ ಮುಟ್ಟಿಸುವುದು ಈ ಊರಿಗೆ ಹೊಸದಲ್ಲ. ಇಲ್ಲಿನ ಒಂಟಿಕೊಪ್ಪಲಿನಲ್ಲಿ, 1935ರ ಸೆಪ್ಟೆಂಬರ್ 10ರಂದು, ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದರು. ಯಂತ್ರದ ಶಕ್ತಿ ಬರೀ 30 ವ್ಯಾಟ್, ಹಳೇ ಟ್ಯೂಬ್‌ಲೈಟಿಗಿಂತ ಕಮ್ಮಿ! ಆ ಕೇಂದ್ರದ ‘ಆಕಾಶವಾಣಿ’ ಹೆಸರನ್ನು ಆಮೇಲೆ ದೇಶವೇ ಎತ್ತಿಕೊಂಡಿತು. ಭಾಷೆ ಬಲ್ಲವರಿಗೂ ನಮ್ಮಲ್ಲಿ ಬರವಿಲ್ಲ: ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇಲ್ಲೇ ಇದೆ.

ನೋಟಿಸನ್ನು ಬಾಯಿಬಿಟ್ಟು ಹೇಳಿ ಎಂದು ನಾವು ಭಿಕ್ಷೆ ಕೇಳುತ್ತಿಲ್ಲ, ಅದು ನಮ್ಮ ಹಕ್ಕು. ಮಾಹಿತಿ ಹಕ್ಕು ಕಾಯ್ದೆ 2005ರ 4ನೇ ಕಲಮು ಓದಿ. ಜನ ಕೇಳುವ ಮೊದಲೇ ಮಾಹಿತಿ ಕೊಡಬೇಕು, ಸ್ಥಳೀಯ ಭಾಷೆಯನ್ನೂ ಆ ಜಾಗದಲ್ಲಿ ಚೆನ್ನಾಗಿ ಮುಟ್ಟುವ ದಾರಿಯನ್ನೂ ನೋಡಿಕೊಂಡು ಕೊಡಬೇಕು ಎನ್ನುತ್ತದೆ ಅದು. ಬರೀ ನೋಟಿಸ್ ಬೋರ್ಡಲ್ಲ, ಸಾರ್ವಜನಿಕ ಘೋಷಣೆ, ಪ್ರಸಾರ ಎಂಬ ಮಾತೂ ಅದರಲ್ಲಿದೆ. ಕಣ್ಣು ಕಾಣದವರ ಪರವಾಗಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಇದೆ.

ಹಿಂದೆ ಡಂಗುರ ಸಾರುತ್ತಿದ್ದರು, ಓದು ಬಾರದವನಿಗೂ ಸುದ್ದಿ ಮುಟ್ಟುತ್ತಿತ್ತು. ಈಗ ಬೆಳಗ್ಗೆ ಬೆಳಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿಗೆ ಮೈಕ್ ಇದೆಯಲ್ಲ! ಹಾಡಿನ ನಡುವೆ ಎರಡು ನಿಮಿಷ ಸುದ್ದಿ ಹೇಳಿದರೆ ಗಂಟೇನು ಹೋಗುತ್ತದೆ? ನೋಟಿಸ್ ಅಂಟಿಸಿದ ದಿನವೇ ಅದರ ಧ್ವನಿಯೂ ಬರಲಿ: ಮೈಕಿನಲ್ಲಿ, ವಾಟ್ಸಾಪಿನಲ್ಲಿ, ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಬರುವ ಫೋನಿನಲ್ಲಿ. ಮೊದಲು ಕಚೇರಿ ಕನ್ನಡದಿಂದ ಬೀದಿ ಕನ್ನಡಕ್ಕೆ (ದೊಡ್ಡ ಅನುವಾದ ಇದೇ!), ಆಮೇಲೆ ಉರ್ದು, ತಮಿಳು, ತೆಲುಗು, ಹಿಂದಿಗೆ. ಕಂಪ್ಯೂಟರ್ ಓದಿದರೂ ಸರಿ, ಆದರೆ ಆ ಭಾಷೆಯವರೊಬ್ಬರು ಮೊದಲು ಕೇಳಿ ತಿದ್ದಿರಬೇಕು. ದಿನಾಂಕ ತಪ್ಪಿದರೆ ದುಡ್ಡು ನಿಲ್ಲುವುದು ಅಜ್ಜಿಗೇ.

ಈ ಹಾಳೆಯ ಹಿಂಬದಿಯಲ್ಲಿ ಅರ್ಜಿ ಇದೆ. ಸಹಿ ಹಾಕಿ, ಬಾರದವರು ಹೆಬ್ಬೆಟ್ಟು ಒತ್ತಿ. ಪಾಲಿಕೆಯ ವಲಯ ಕಚೇರಿಗೋ ತಾಲ್ಲೂಕು ಕಚೇರಿಗೋ ಕೊಟ್ಟು, ಸೀಲು ಬಿದ್ದ ಸ್ವೀಕೃತಿ ಇಸಿದುಕೊಂಡೇ ಬನ್ನಿ.

ಓದು ಬಲ್ಲವರು ಇದನ್ನು ಬಿಸಾಡುವ ಮುಂಚೆ ಪಕ್ಕದಲ್ಲಿ ನಿಂತವರಿಗೆ ಒಮ್ಮೆ ಗಟ್ಟಿಯಾಗಿ ಓದಿ ಹೇಳಿ.