ಅಂಗೈ ಅಗಲದ ಕಂಪ್ಯೂಟರು

ಕಳೆದ ಸಂಚಿಕೆಯ ಶೇಂಗಾ ಹೋಳಿಗೆ ಮಾಡಿ ನೋಡಿದಿರಾ ಸೋದರಿಯರೇ? ಬೆಲ್ಲ ಹೆಚ್ಚಾಯಿತೆಂದು ಇಬ್ಬರು ಬರೆದಿದ್ದಾರೆ. ಏನು ಮಾಡಲಿ, ನಮ್ಮ ಮನೆಯಲ್ಲಿ ಸಿಹಿ ಸ್ವಲ್ಪ ಮುಂದೇ! ಈ ಸಲ ಒಲೆ ಮುಂದಿನ ಮಾತು ಬೇಡ. ನಮ್ಮ ಟಿ.ವಿ.ಯ ಹಿಂದೆ ಕೂತಿರುವ ಒಂದು ಪುಟ್ಟ ವಸ್ತುವಿನ ಕಥೆ ಹೇಳುತ್ತೇನೆ.

ಹೋದ ವರ್ಷ ಮಾರಮ್ಮನ ಜಾತ್ರೆಗೆ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ತಾನು ಬಳಸಿ ಬಿಟ್ಟಿದ್ದ ಒಂದು ಹಸಿರು ಹಲಗೆಯನ್ನು ನನ್ನ ಮಗಳ ಕೈಗಿಟ್ಟ. ಇಸ್ಪೀಟೆಲೆಯಷ್ಟಿದೆ. “ಚಿಕ್ಕಮ್ಮ, ಇದು ರಾಸ್ಪ್‌ಬೆರಿ ಪೈ. ಇದೇ ಪೂರಾ ಕಂಪ್ಯೂಟರು” ಅಂದ. “ಯಾವ ಪೈಗಳಪ್ಪಾ, ಮಂಗಳೂರು ಕಡೆಯವರಾ?” ಅಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಇದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ್ದಂತೆ. ಮಕ್ಕಳು ಕಂಪ್ಯೂಟರನ್ನು ಬರೀ ನೋಡುವುದಲ್ಲ, ಅದಕ್ಕೆ ಕೆಲಸ ಹೇಳುವುದನ್ನೂ ಕಲಿಯಲಿ ಅಂತ ಎಬೆನ್ ಅಪ್ಟನ್ ಮತ್ತು ಜೊತೆಗಾರರು ಮಾಡಿದರು. 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದಾಗ ಬೆಲೆ 35 ಡಾಲರು. ಒಳಗೆ ನಡೆಯುವುದು ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಕದಿಯಬೇಕೂ ಇಲ್ಲ. ಮಾಡಿದ ಅಡುಗೆಯ ಜೊತೆಗೆ ಮಾಡುವ ವಿಧಾನವನ್ನೂ ಮುಚ್ಚುಮರೆಯಿಲ್ಲದೆ ಬರೆದುಕೊಟ್ಟ ಹಾಗೆ. ಕೆಲವರು ಸಾರಿನ ಪುಡಿ ಅಳತೆ ಕೇಳಿದರೆ ಒಂದು ಸಾಮಾನು ಮರೆತವರಂತೆ ಬಿಡುತ್ತಾರಲ್ಲ, ಅಂಥದ್ದಲ್ಲ!

ಹಾಗಂತ ಹಲಗೆಯೊಂದರಿಂದಲೇ ಏನೂ ಆಗದು. ಎಚ್.ಡಿ.ಎಂ.ಐ. ಕಿಂಡಿಯಿರುವ ಟಿ.ವಿ., ಕೀಲಿಮಣೆ, ಮೌಸು, ಮೆಮೊರಿ ಕಾರ್ಡು, ಸರಿಯಾದ ಅಡಾಪ್ಟರು, ಎಲ್ಲ ಬೇಕು. ಹಳೇ ಮೊಬೈಲಿನ ಚಾರ್ಜರು ಸಿಕ್ಕಿಸಿದೆವು. ತೆರೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂತು. ಕರೆಂಟು ಸಾಲುತ್ತಿಲ್ಲ ಅಂತ ಅದರ ಅರ್ಥ. ಕನ್ನಡದ ಬದಲು ಬರೀ ಚೌಕಗಳು ಕಂಡಾಗ ಮಗಳು ‘ಗುಬ್ಬಿ’, ‘ನವಿಲು’ ಎಂಬ ಅಕ್ಷರಗಳನ್ನು ಪುಕ್ಕಟೆ ಇಳಿಸಿಕೊಂಡಳು. ಹೆಸರು ಎಷ್ಟು ಚೆಂದ ನೋಡಿ.

ನಮ್ಮವರು ಪತ್ರಿಕೆ ಮಡಿಸಿ, “ಇದೇನು ಹೊಸದಲ್ಲ, ನಮ್ಮವರೇ ಮಾಡಿದ್ದರು” ಅಂದರು. ನಿಜವೇ. ನಮ್ಮ ತಾಲ್ಲೂಕಿನ ಕುದಾಪುರದಲ್ಲಿ ಈಗ ಇನ್ನೊಂದು ಆವರಣ ಹೊಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಬೆಂಗಳೂರಿನ ಎಂಜಿನಿಯರುಗಳ ಜೊತೆ ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಕೈಗಂಪ್ಯೂಟರು ಮಾಡಿದ್ದರು. ಅದೂ ಲಿನಕ್ಸೇ. ಓದು ಬಾರದವರಿಗೆ ಕನ್ನಡದಲ್ಲಿ ಓದಿ ಹೇಳಬೇಕು, ಒಂದನ್ನೇ ಹಲವರು ತಮ್ಮ ತಮ್ಮ ಕಾರ್ಡು ತೂರಿಸಿ ಬಳಸಬೇಕು ಎಂಬ ಆಸೆ. 2004ರಲ್ಲಿ ಬಿ.ಇ.ಎಲ್. ತಯಾರಿಸಿ ಮಾರಾಟಕ್ಕೂ ಬಂತು. ಎಣಿಸಿದಷ್ಟು ಖರ್ಚಾಗಲಿಲ್ಲ. ಅಷ್ಟರಲ್ಲಿ ಮೊಬೈಲು ಅಗ್ಗವಾಗಿ ಮನೆಮನೆಗೆ ಬಂದುಬಿಟ್ಟಿತು. ನನಗಂತೂ ಹೊಟ್ಟೆ ಉರಿಯಿತು.

ಈಗ ನನ್ನ ತಪ್ಪಿನ ವಿಷಯ. ನಮ್ಮ ಹದಿನಾಲ್ಕು ಜನರ ಮಹಿಳಾ ಸಂಘದ ಲೆಕ್ಕ ನನ್ನ ಕೈಲಿದೆ. ಮಗಳು ಅದನ್ನು ಕಂಪ್ಯೂಟರಿಗೆ ಹಾಕಿಕೊಟ್ಟಳು. ಕೂಡಿಸುವ ತಲೆನೋವು ತಪ್ಪಿತು ಅಂತ ನಾನು ಪಟ್ಟಿ ಪುಸ್ತಕದಲ್ಲಿ ಬರೆಯುವುದನ್ನೇ ಬಿಟ್ಟೆ. ಒಂದು ಸಂಜೆ ನೆಂಟರು ಬಂದರು, ಚಟ್ನಿಗೆ ಮಿಕ್ಸಿ ಬೇಕಿತ್ತು. ಅದರ ಪ್ಲಗ್ಗು ಕಿತ್ತು ಮಿಕ್ಸಿ ಸಿಕ್ಕಿಸಿದೆ. ಮಾರನೇ ದಿನ ಕಪ್ಪು ತೆರೆ, ಬಿಳಿ ಅಕ್ಷರಗಳ ಸಾಲು, ಮುಂದಕ್ಕೇ ಹೋಗದು. ಮೂರು ವಾರದ ಲೆಕ್ಕ ಮಾಯ!

ಮೊದಲು ಬೈದದ್ದು ಮಗಳನ್ನು. ಪಾಪ, ಅವಳು ಸುಮ್ಮನೆ ಕೇಳಿಸಿಕೊಂಡು, “ಹಲಗೆ ಕೆಟ್ಟಿಲ್ಲಮ್ಮ, ಕಾರ್ಡಿನ ಒಳಗಿನ ಬರಹ ಕೆಟ್ಟಿದೆ” ಅಂದಳು. ಬರೆಯುತ್ತಿರುವಾಗ ಕರೆಂಟು ಹೋದರೆ ಹೀಗಾಗುತ್ತದಂತೆ. ನಾನು ಮನೆಮನೆಗೆ ಹೋಗಿ ಯಾರು ಎಷ್ಟು ಕಟ್ಟಿದ್ದರು ಅಂತ ಕೇಳಿ ಬರೆದುಕೊಂಡೆ. ಒಬ್ಬರು ಮುನ್ನೂರು ಅಂದರು. ನನಗೆ ಇನ್ನೂರೆಂದು ನೆನಪು. ಮುನ್ನೂರೇ ಬರೆದೆ, ನೂರು ನನ್ನ ಕೈಯಿಂದ ಹಾಕಿದೆ. ದುಡ್ಡು ಹೋಗಲಿ ಬಿಡಿ, ಅವರು ನನ್ನ ಮುಖ ನೋಡಿದ ರೀತಿ ಇನ್ನೂ ಚುಚ್ಚುತ್ತದೆ.

ಮಗಳು ಚಳ್ಳಕೆರೆಗೆ ಹೋಗಿ ಹೊಸ ಕಾರ್ಡು ತಂದು, ಅಣ್ಣನನ್ನು ಫೋನಿನಲ್ಲಿ ಕೇಳುತ್ತ, ಗೆಳತಿಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸನ್ನು ಹೊಸದಾಗಿ ಬರೆದಳು. ಎರಡು ಸಲ ತಪ್ಪಿತು, ಮೂರನೇ ಸಲ ಬಂತು. ಅವಳು ಓದಿದ ಕಡೆ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮುಟ್ಟಬೇಡಿ ಅನ್ನುತ್ತಿದ್ದರು. ಇಲ್ಲಿ ಅವಳೇ ಕೆಡಿಸಿ ಅವಳೇ ಕಟ್ಟುತ್ತಾಳೆ. ಅದಕ್ಕೇ ನಾನು ಇದನ್ನು ಮನೆಯಿಂದ ಆಚೆ ಹಾಕಲಿಲ್ಲ.

ನಿಮ್ಮ ಮನೆಗೂ ಇಂಥದ್ದು ಬಂದರೆ, ಕೆಲಸ ಮುಗಿದ ಮೇಲೆ ತೆರೆಯಲ್ಲೇ ‘ಮುಚ್ಚು’ ಅಂತ ಹೇಳಿ, ಹಲಗೆಯ ಮೇಲಿನ ಹಸಿರು ದೀಪ ಮಿನುಗುವುದು ನಿಂತ ಮೇಲೇ ಸ್ವಿಚ್ಚು ಆರಿಸಿ. ಮುಖ್ಯವಾದದ್ದನ್ನು ಪೆನ್‌ಡ್ರೈವಿಗೂ ತುಂಬಿಡಿ. ನಾನಂತೂ ಪಟ್ಟಿ ಪುಸ್ತಕ ಮತ್ತೆ ಹಿಡಿದಿದ್ದೇನೆ. ಸ್ವಿಚ್ಚಿನ ಮೇಲೆ ಮಗಳು ಒಂದು ಚೀಟಿ ಅಂಟಿಸಿದ್ದಾಳೆ: “ಅಮ್ಮ, ಮೊದಲು ನನ್ನ ಕೇಳು. ಆಮೇಲೆ ಚಟ್ನಿ.”